ಬೆಚ್ಚಗಿನ ಕುರ್ಚಿ

ಸಗಿನ್‌ಬೆಕ್‌ನ ಹೋಟೆಲಿನಲ್ಲಿ ನಾನು ಅಡುಗೆಯವಳು, ಪೆರಿಜಾತ್ ಬಡಿಸುವವಳು. ಸುರಂಗ ದಾಟಿ, ಘಟ್ಟ ಇಳಿದು ಸೂಸಮಿರ್ ಬಯಲಿಗೆ ಬಂದ ಗಾಡಿಗಳೆಲ್ಲ ನಮ್ಮ ಮುಂದೆ ನಿಲ್ಲಲೇಬೇಕು. ಹಿಂದೆಯೂ ಮುಂದೆಯೂ ಬಹಳ ದೂರ ಬಿಸಿಯಾದದ್ದೇನೂ ಸಿಗುವುದಿಲ್ಲ. ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಚಳಿಗೆ ಬೆರಳು ಮರಗಟ್ಟಿಸಿಕೊಂಡು ಬಂದವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಇಳಿಯುವುದು ಪೆರಿಜಾತಳ ಮೇಲೆ. ಲಗ್ಮನ್ ಸಾರಿನೊಳಗಿನ ಶಾವಿಗೆಯ ಎಳೆ ದಪ್ಪವಾಯಿತೆಂದರೂ ಅವಳಿಗೇ ಬೈಗುಳ, ಹೊರಗೆ ಮಂಜು ಕವಿದರೂ ಅವಳಿಗೇ.

ಅವಳು ತಿರುಗಿ ಒಂದು ಮಾತೂ ಆಡುತ್ತಿರಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಬಂದು ಕೈ ತೊಳೆಯುತ್ತ ನಿಲ್ಲುವಳು.

"ನಿಂಗೇನು ಬಾಯಿಗೆ ಬೀಗ ಹಾಕಿದಾರೇನೇ? ಎರಡು ಮಾತು ತಿರುಗಿಸಿ ಅನ್ನು," ಎಂದು ನಾನು ಗದರುತ್ತಿದ್ದೆ.

"ಅಂದ್ರೆ ಸುಮ್ನಾಗ್ತಾರಾ, ಉಲ್ಕಾನಕ್ಕ? ಗಂಡನ ಮನೇಲಿ ಅಂದು ನೋಡಿದೀನಿ. ಇನ್ನೂ ಜಾಸ್ತಿ ಆಗತ್ತೆ."

ಗಂಡನನ್ನು ಬಿಟ್ಟು ಬಂದವಳು ಅವಳು. ಅಲ್ಲಿ ಏನಾಯಿತೆಂದು ಅವಳೂ ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಆ ಮನುಷ್ಯ ಬಂದದ್ದು ಬೇಸಿಗೆಯ ಮೊದಲಲ್ಲಿ, ಘಟ್ಟದ ಮಂಜು ಕೆಳಗಿಳಿದು ಕಿಟಕಿಗೇ ಅಂಟಿಕೊಂಡಿದ್ದ ಒಂದು ಮಧ್ಯಾಹ್ನ. ಐವತ್ತರ ಆಸುಪಾಸು, ಒಳ್ಳೆಯ ಕೋಟು, ಒತ್ತಿ ಬಾಚಿದ ತಲೆ. ಕಿಟಕಿ ಬದಿಯ ಮೇಜಿಗೆ ಹೋಗಿ ಒಂದು ಕುರ್ಚಿಯನ್ನು ಹಿಂದಕ್ಕೆ ಎಳೆದಿಟ್ಟ. ಆಮೇಲೆ ಅದರ ಎದುರಿನ ಕುರ್ಚಿಯಲ್ಲಿ ತಾನು ಕುಳಿತ. ಅಡುಗೆಮನೆಯ ಕಿಂಡಿಯಿಂದ ನನಗೆ ಎಲ್ಲ ಕಾಣುತ್ತಿತ್ತು.

"ಏಯ್! ಕಿವಿ ಕೇಳ್ಸಲ್ವಾ? ಲಗ್ಮನ್ ತಗೊಂಬಾ!"

ಪೆರಿಜಾತ್ ಬಟ್ಟಲು ತಂದಿಟ್ಟಳು. ಅವನು ಅದನ್ನೂ ಅವಳನ್ನೂ ನೋಡಿದ.

"ಇನ್ನೊಂದು?"

"ಒಂದೇ ಹೇಳಿದ್ರಲ್ಲಣ್ಣ."

"ಹಾಗಾದ್ರೆ ಇವಳೇನು ಗಾಳಿ ಕುಡೀತಾಳಾ?" ಎಂದು ಖಾಲಿ ಕುರ್ಚಿಯ ಕಡೆ ಗಲ್ಲ ಎತ್ತಿದ.

ತಮಾಷೆ ಮಾಡುತ್ತಿದ್ದಾನೆಂದು ಪೆರಿಜಾತ್ ಸಣ್ಣಗೆ ನಕ್ಕಳು. ಅವನು ಮೇಜು ಗುದ್ದಿದ.

"ನನ್ನ ಹೆಂಡ್ತಿ ನೋಡಿ ಹಲ್ಲು ಕಿರೀತೀಯಾ? ನಿಮ್ಮಪ್ಪ ಅಮ್ಮ ಇದನ್ನೇ ಕಲಿಸಿದ್ದಾ?"

ಉಳಿದ ಗಿರಾಕಿಗಳು ತಲೆ ತಗ್ಗಿಸಿ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ಪೆರಿಜಾತ್ ಇನ್ನೊಂದು ಲಗ್ಮನ್, ಇನ್ನೊಂದು ಚಹಾ ಬಟ್ಟಲು ತಂದು ಖಾಲಿ ಕುರ್ಚಿಯ ಮುಂದಿಟ್ಟಳು. ಅವನು ತಿನ್ನುತ್ತ ಒಮ್ಮೆ ಇವಳಿಗೆ, ಒಮ್ಮೆ ಆ ಕುರ್ಚಿಗೆ ಬೈಯುತ್ತಲೇ ಇದ್ದ. ಮಾಂಸ ಬೆಂದಿಲ್ಲ ಎಂದು ಇವಳಿಗೆ. "ಸರಿಯಾಗಿ ಕೂತ್ಕೊ. ಸಾರು ಸೋರಿಸ್ಬೇಡ. ನಾಲ್ಕು ಜನರ ಮುಂದೆ ನನ್ನ ಮಾನ ತೆಗೀಬೇಡ," ಎಂದು ಅದಕ್ಕೆ. ಅವನ ಬಟ್ಟಲು ಎತ್ತಲು ಪೆರಿಜಾತ್ ಬಂದಾಗ ಅವನು ಅದನ್ನು ಹಿಂಗೈಯಿಂದ ತಳ್ಳಿದ. ಬಿಸಿ ಸಾರು ಅವಳ ಮಣಿಕಟ್ಟಿನ ಮೇಲೆ ಚೆಲ್ಲಿತು. ಅವನು ಅದನ್ನು ಗಮನಿಸಲೂ ಇಲ್ಲ. ಕೋಟು ಕೊಡವಿಕೊಂಡು ಎದ್ದು ನಿಂತ.

"ಇನ್ನೂ ತಿಂತಾನೇ ಇದೀಯಾ? ನಿನ್ನ ಕಾಯ್ತಾ ಕೂತ್ರೆ ಓಶ್ ಸೇರಿದ ಹಾಗೇನೆ. ಬಿದ್ದಿರು ಇಲ್ಲೇ!"

ಬಾಗಿಲು ಬಡಿದುಕೊಂಡಿತು. ಕಾರು ಮಂಜಿನೊಳಗೆ ಹೋಯಿತು.

ನಾನು ಪೆರಿಜಾತಳ ಕೈಗೆ ಬೆಣ್ಣೆ ಸವರುತ್ತಿದ್ದೆ. "ತಲೆ ಕೆಟ್ಟವನು ಬಿಡು," ಎಂದೆ. ಅವಳು ಮೇಜು ಒರೆಸಲು ಹೋದಳು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿತು. ಕೂಗಿದ್ದಲ್ಲ, ಬಹಳ ಮೆಲ್ಲಗೆ ಕರೆದದ್ದು.

"ಅಕ್ಕಾ, ಇಲ್ಲಿ ಬನ್ನಿ. ಈ ಕುರ್ಚಿ ಮುಟ್ಟಿ ನೋಡಿ."

ಅವನು ಕುಳಿತಿದ್ದ ಕುರ್ಚಿ ತಣ್ಣಗಿತ್ತು. ಯಾರೂ ಕೂರದ ಕುರ್ಚಿಯ ಹಲಗೆ ಬೆಚ್ಚಗಿತ್ತು, ಆಗ ತಾನೇ ಯಾರೋ ಎದ್ದುಹೋದ ಹಾಗೆ. ಮೇಜಿನ ಕೆಳಗೆ ನೂಕಲು ಹೋದೆ. ಅದು ಜರುಗಲಿಲ್ಲ. ಎರಡನೇ ಸಲ ನೂಕಲು ನನಗೆ ಧೈರ್ಯ ಬರಲಿಲ್ಲ. ಯಾರೋ ಎದ್ದುಹೋಗಿಲ್ಲ, ಇನ್ನೂ ಕೂತೇ ಇದ್ದಾರೆ ಎನ್ನುವುದು ನನ್ನ ಕೈಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ.

ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹೋಗಿ ಮುಟ್ಟಿದೆವು. ಕೋಣೆಯೆಲ್ಲ ಮಂಜುಗಡ್ಡೆಯಂತಿತ್ತು. ಕುರ್ಚಿ ಮಾತ್ರ ಬೆಚ್ಚಗಿತ್ತು.

ಸಗಿನ್‌ಬೆಕ್ ನಕ್ಕ. "ಹೆಂಗಸರು ಇಬ್ರು ಒಂದೇ ಕಡೆ ಇದ್ರೆ ಮೂರನೆಯವಳನ್ನ ಹುಟ್ಟಿಸ್ತೀರ," ಎಂದ. ಅಂದು ಲಾರಿ ಚಾಲಕನೊಬ್ಬ ಅಲ್ಲಿ ಕೂತು, ಕೂತ ವೇಗದಲ್ಲೇ ಎದ್ದ. "ಕ್ಷಮಿಸಿ," ಎಂದು ಕುರ್ಚಿಗೇ ಹೇಳಿ, ಆಮೇಲೆ ತಾನು ಯಾರಿಗೆ ಹೇಳಿದೆನೆಂದು ನೋಡಿ ಬಿಳಿಚಿಕೊಂಡ. ಊಟ ಬಿಟ್ಟು ಲಾರಿ ಹತ್ತಿದ. ಸಗಿನ್‌ಬೆಕ್‌ನ ನಗು ನಿಂತಿತು. ಕೆಳಗಿನ ಊರಿನಿಂದ ಮುಲ್ಲಾನನ್ನು ಕರೆಸಿದ. ಆ ಮುದುಕ ಕುರ್ಚಿಯ ಹತ್ತಿರ ಕೂತು ಓದಬೇಕಾದ್ದನ್ನೆಲ್ಲ ಓದಿದ, ಎರಡು ಬಟ್ಟಲು ಚಹಾ ಕುಡಿದ.

"ಹೋದ್ಳಾ?" ಎಂದು ಸಗಿನ್‌ಬೆಕ್ ಕೇಳಿದ.

"ಯಾಕೆ ಹೋಗ್ಬೇಕು? ನಿನ್ನ ಹೋಟೆಲಲ್ಲಿ ಯಾರಿಗಾದ್ರೂ ತೊಂದ್ರೆ ಕೊಟ್ಳಾ? ಕರೀದೆ ಬಂದವರು ದೇವರ ಅತಿಥಿ ಕಣಪ್ಪ. ಚಹಾ ಕೊಡು. ಹೋಗೋ ಹೊತ್ತಿಗೆ ತಾನೇ ಹೋಗ್ತಾಳೆ."

ಅಂದಿನಿಂದ ಪೆರಿಜಾತ್ ದಿನವೂ ಆ ಮೇಜಿನ ಮೇಲೆ ಚಹಾ ಇಡತೊಡಗಿದಳು. ಬಟ್ಟಲಿನಲ್ಲಿ ಚಹಾ ಇಳಿಯುತ್ತಿತ್ತು. ಆರಿ ಇಳಿಯುತ್ತಿತ್ತೋ, ಬೇರೆ ರೀತಿಯೋ, ನಾನು ಆಣೆ ಮಾಡಿ ಹೇಳಲಾರೆ. ಮೊದಮೊದಲು ನನಗೆ ಆ ಕಡೆ ಬೆನ್ನು ಹಾಕಲು ಭಯವಾಗುತ್ತಿತ್ತು. ಹಿಟ್ಟು ನಾದುವಾಗ ಯಾರೋ ನನ್ನ ಕೈಗಳನ್ನು ನೋಡುತ್ತಿದ್ದಾರೆ ಅನಿಸುವುದು. ತಿರುಗಿದರೆ ಕಿಂಡಿ, ಕಿಂಡಿಯಾಚೆ ಖಾಲಿ ಕುರ್ಚಿ.

ಕುರ್ಚಿ ಜರುಗತೊಡಗಿದ್ದು ಆಮೇಲೆ. ಕುರಿ ವ್ಯಾಪಾರಿಗಳ ಗುಂಪೊಂದು ಬಂದಿತ್ತು. ಅವರಲ್ಲೊಬ್ಬ, ಕುದುರೆ ಹಾಲಿನ ಕುಮಿಸ್ ತೀರಾ ಹುಳಿಯಾಗಿದೆ ಎಂದು ಪೆರಿಜಾತಳ ಮೇಲೆ ರೇಗಿ, ಅವಳ ತಾಯಿಯನ್ನೂ ಎಳೆದು ತಂದ. ಅವನ ಬೈಗುಳದ ನಡುವೆ 'ಕಿರ್ರ್' ಎಂದು ಒಂದು ಸದ್ದು. ಕಿಟಕಿ ಬದಿಯ ಕುರ್ಚಿ ಒಂದು ಗೇಣು ಹಿಂದಕ್ಕೆ, ಗೋಡೆಯ ಕಡೆಗೆ ಹೋಗಿತ್ತು. ಅವನು ಇನ್ನೊಮ್ಮೆ ದನಿ ಎತ್ತಿದ. ಇನ್ನೊಂದು ಗೇಣು. ನನ್ನ ತೋಳಿನ ರೋಮವೆಲ್ಲ ನಿಮಿರಿತ್ತು.

ಪೆರಿಜಾತ್ ಮಾತ್ರ ಭಯಪಡಲಿಲ್ಲ. ಅವಳ ಮುಖದಲ್ಲಿ ಅದುವರೆಗೆ ನಾನು ಕಾಣದ ಒಂದು ಭಾವ ಬಂತು.

"ಅಣ್ಣ, ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದಳು. "ಇಲ್ಲೊಬ್ರು ಇದ್ದಾರೆ. ಹೆದರ್ಕೊಳ್ತಾರೆ."

ವ್ಯಾಪಾರಿಗಳು ಹಣ ಇಟ್ಟು ಸದ್ದಿಲ್ಲದೆ ಹೊರಟುಹೋದರು.

ಸಂಜೆ ಅವಳು ಗೋಡೆಯ ಹತ್ತಿರ ಮಂಡಿಯೂರಿ, "ಹೋದ್ರು ಅಕ್ಕಾ, ಇನ್ನು ಬೈಯೋರಿಲ್ಲ," ಎಂದು ಕುರ್ಚಿಗೆ ಹೇಳುತ್ತಿದ್ದಳು. ಆ ಬೇಸಿಗೆಯೆಲ್ಲ ಹಾಗೇ ನಡೆಯಿತು. ತನಗಾಗಿ ಒಂದು ಮಾತೂ ಆಡದವಳು ಆ ಕಾಣದ ಹೆಂಗಸಿಗಾಗಿ ಎಂಥವರನ್ನೂ ತಡೆದು ನಿಲ್ಲಿಸುವಳು. ಕೆಲವರು ನಕ್ಕರು. ಕುರ್ಚಿ ಜರುಗುವುದನ್ನು ಕಂಡವರು ನಗಲಿಲ್ಲ.

ಹುಲ್ಲು ಹಳದಿಯಾಗುವ ಹೊತ್ತಿಗೆ ಆ ಮನುಷ್ಯ ಮತ್ತೆ ಬಂದ. ಹಾಡು ಹಗಲು, ಮೋಡದ ಚೂರೂ ಇಲ್ಲದ ದಿನ. ನಾನು ಮೊದಲು ಗುರುತಿಸಲಿಲ್ಲ. ಅದೇ ಕೋಟು ಹೆಗಲಿನಿಂದ ಜೋತುಬಿದ್ದಿತ್ತು. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು. ಒಳಗೆ ಬಂದವನು ಯಾರನ್ನೂ ಕೇಳದೆ ಗೋಡೆ ಬದಿಯ ಕುರ್ಚಿಯನ್ನೇ ನೋಡಿದ.

"ಏಳು. ಮನೆಗೆ ಹೋಗೋಣ," ಎಂದ.

ಎಲ್ಲರ ಕಣ್ಣೆದುರು ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಇನ್ನು ಹಿಂದೆ ಜಾಗವಿರಲಿಲ್ಲ. ಅದರ ಕಾಲುಗಳು ನೆಲದ ಮೇಲೆ ಕಟಕಟ ನಡುಗುತ್ತಿದ್ದವು.

ಪೆರಿಜಾತ್ ಹೋಗಿ ನಡುವೆ ನಿಂತಳು. "ಕೂತ್ಕೊಳ್ಳಿ ಅಣ್ಣ. ಮೊದ್ಲು ಚಹಾ ಕುಡೀರಿ."

"ನಿನ್ನ ಚಹಾ ಯಾರಿಗ್ಬೇಕು? ನನ್ನ ಹೆಂಡ್ತಿ ನಾನು ಕರ್ಕೊಂಡು ಹೋಗೋಕೆ ನಿನ್ನ ಅಪ್ಪಣೆ ಬೇಕಾ?"

"ಅವ್ರ ಹೆಸರೇನು?"

ಅವನು ಬಹಳ ದಿನ ಬಳಸದ ಬೀಗವನ್ನು ತೆಗೆಯುವವನಂತೆ ತಡವರಿಸಿ, "ಅಸಿಲ್‌ಕಾನ್," ಎಂದ. ಆ ಹೆಸರು ಬಾಯಿಂದ ಬಂದದ್ದೇ ಅವನು ಹತ್ತಿರದ ಬೆಂಚಿನ ಮೇಲೆ ಕುಸಿದ.

"ಹೋದ ಚಳಿಗಾಲದಲ್ಲಿ ಮಣ್ಣು ಮಾಡಿದ್ವಿ," ಎಂದ. ಈಗ ದನಿ ಇಳಿದಿತ್ತು. "ಮಣ್ಣು ಮಾಡಿ ಮನೆಗೆ ಬಂದು, ಅಭ್ಯಾಸ ನೋಡಿ, 'ಎಲ್ಲಿ ಸತ್ತೆ, ಚಹಾ ತಗೊಂಬಾ' ಅಂತ ಕೂಗಿದೆ. ಬಂದ್ಳು. ಚಹಾ ಬರ್ಲಿಲ್ಲ, ಅವಳು ಬಂದ್ಳು. ಅವತ್ತಿಂದ ಕೂಗಿದಾಗೆಲ್ಲ ಬರ್ತಿದ್ಳು. ಕಾರಲ್ಲಿ ಪಕ್ಕದಲ್ಲೇ ಕೂರ್ತಿದ್ಳು. ಇಲ್ಲಿ ಬಿಟ್ಟು ಹೋದ್ಮೇಲೆ… ಎಷ್ಟು ಕೂಗಿದ್ರೂ ಬರ್ತಿಲ್ಲ. ಬೈಯೋಕೂ ಒಂದು ಜೀವ ಇಲ್ಲ ಮನೇಲಿ."

ನಿಜ ಹೇಳಬೇಕೆಂದರೆ ನನಗೆ ಅವನ ಮೇಲೆ ಕನಿಕರ ಬಂತು. ಪೆರಿಜಾತಳಿಗೂ ಬಂದಿರಬೇಕು. ಅವಳು ಕುರ್ಚಿಯ ಕಡೆ ತಿರುಗಿದಳು.

"ಅಸಿಲ್‌ಕಾನಕ್ಕ, ಕೇಳ್ಸ್ಕೊಂಡ್ರಲ್ಲ. ಹೋಗ್ಬೇಕು ಅನ್ಸಿದ್ರೆ ಎದ್ದು ಹೋಗಿ. ನಾನು ತಡೆಯಲ್ಲ. ಬೇಡ ಅನ್ಸಿದ್ರೆ ಕೂತಿರಿ. ಇದು ನಿಮ್ಮ ಜಾಗ."

ಕುರ್ಚಿಯ ನಡುಕ ನಿಂತಿತು. ಅದು ಕದಲಲಿಲ್ಲ. ಪೆರಿಜಾತ್ ಬಗ್ಗಿ ಹಲಗೆಯ ಅಂಚು ಮುಟ್ಟಿ, "ಕೂತಿದ್ದಾರೆ," ಎಂದಳು.

ಅವನು ಜಿಗಿದೆದ್ದ. ಮುಖ ಕೆಂಪಾಯಿತು, ಹಳೆಯ ಗಂಟಲು ಮತ್ತೆ ಬಂತು. "ಏಳೇ! ಹೇಳ್ತಿದೀನಿ, ಏಳು!" ಎಂದು ಅರಚಿ ಮುಂದೆ ನುಗ್ಗಿದ. ನಾನು ಲಟ್ಟಣಿಗೆ ಹಿಡಿದೇ ಹೊರಗೆ ಓಡಿದೆ. ಆದರೆ ಪೆರಿಜಾತ್ ಅವನನ್ನು ತಳ್ಳಲಿಲ್ಲ, ಕೂಗಲಿಲ್ಲ. ಮೇಜಿನ ಮೇಲಿದ್ದ ಬಟ್ಟಲು ತೆಗೆದುಕೊಂಡು ಅದಕ್ಕೆ ಚಹಾ ಸುರಿಯತೊಡಗಿದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಮುಕ್ಕಾಲಿಗೂ ನಿಲ್ಲಿಸಲಿಲ್ಲ. ಅಂಚಿನವರೆಗೆ ತುಂಬಿ, ತುಳುಕುವಂತೆ ಮಾಡಿ, ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

ಬಂದವರು ಕೂತಿರಲಿ ಎಂದರೆ ನಾವು ಅರ್ಧ ಬಟ್ಟಲು ಕೊಡುತ್ತೇವೆ, ಮತ್ತೆ ಮತ್ತೆ ಕೊಡುತ್ತೇವೆ. ತುಂಬಿಸಿ ಕೊಟ್ಟರೆ ಅರ್ಥ ಒಂದೇ: ಕುಡಿ, ಹೊರಡು. ಹೋಟೆಲಿನಲ್ಲಿ ಗಿರಾಕಿಯೊಬ್ಬನಿಗೆ ಹಾಗೆ ಕೊಟ್ಟದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಸಗಿನ್‌ಬೆಕ್ ಬಾಗಿಲ ಬಳಿ ನಿಂತಿದ್ದ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆ ಮನುಷ್ಯ ಬಟ್ಟಲನ್ನೇ ನೋಡುತ್ತ ನಿಂತ. ಆಮೇಲೆ ತೆಗೆದುಕೊಂಡು, ಬಾಯಿ ಸುಡುತ್ತಿದ್ದರೂ ನಿಲ್ಲಿಸದೆ ಕುಡಿದು ಮುಗಿಸಿದ. ಬಾಗಿಲವರೆಗೆ ಹೋಗಿ, ತಿರುಗದೆಯೇ ಹೇಳಿದ:

"ಅವಳು ಸಪ್ಪೆ ಚಹಾ ಕುಡಿಯಲ್ಲ. ಹಾಲು ಹಾಕಿ, ಒಂದು ಚಿಟಿಕೆ ಉಪ್ಪು ಹಾಕಿ."

ಅಷ್ಟೇ. ಅವನನ್ನು ಮತ್ತೆ ನಾವು ನೋಡಲಿಲ್ಲ.

ಪೆರಿಜಾತ್ ಉಪ್ಪು ಹಾಕಿದ ಹಾಲು ಚಹಾ ಇಡತೊಡಗಿದಳು. ಆ ಬಟ್ಟಲು ಸಂಜೆಗೆ ತಳ ಕಾಣುತ್ತಿತ್ತು. ಕುರ್ಚಿ ದಿನಕ್ಕಿಷ್ಟು ಗೋಡೆ ಬಿಟ್ಟು ಕಿಟಕಿಯ ಹತ್ತಿರ ಬಂತು. ನಾವು ಯಾರೂ ಅದನ್ನು ಜರುಗಿಸಲಿಲ್ಲ.

ಮೇಲಿನ ಹುಲ್ಲುಗಾವಲುಗಳಿಂದ ಜನ ಗುಡಾರ ಬಿಚ್ಚಿಕೊಂಡು ಕೆಳಗಿಳಿಯುವ ಕಾಲ ಬಂತು. ಒಂದು ಬೆಳಿಗ್ಗೆ ನೀಲಿ ಲಾರಿಯೊಂದು ನೀರಿಗಾಗಿ ನಿಂತಿತು. ಹಿಂದೆ ಗುಡಾರದ ಕೋಲುಗಳು, ಸುತ್ತಿದ ಕಂಬಳಿಗಳು, ಅವುಗಳ ಮೇಲೆ ಹೆಂಗಸರು ಮಕ್ಕಳು, ಎಲ್ಲರಿಗೂ ಹಿರಿಯಳಾದ ಒಬ್ಬ ಮುದುಕಿ. ನಾನೂ ಪೆರಿಜಾತೂ ಅಂಗಳದಲ್ಲಿ ಕಾರ್ಪೆಟ್ ಕೊಡವುತ್ತಿದ್ದೆವು. ಒಳಗಿನಿಂದ 'ಕಿರ್ರ್' ಎಂದು ಕೇಳಿತು. ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಗಾಳಿ ಇರಲಿಲ್ಲ.

ಲಾರಿ ಹೊರಡುವ ಹೊತ್ತಿಗೆ ಆ ಮುದುಕಿ ಸೊಸೆಯಂದಿರಿಗೆ ಗದರಿದಳು. "ಏನ್ರೇ, ಲಾರಿ ತುಂಬ ಹರಡ್ಕೊಂಡು ಕೂತಿದೀರ? ಜರುಗಿ ಆ ಕಡೆ. ಅಕ್ಕಂಗೆ ಕೂರೋಕೆ ಜಾಗ ಬಿಡಿ."

"ಯಾವ ಅಕ್ಕ, ಅತ್ತೆ?" ಎಂದು ಒಬ್ಬಳು ಕೇಳುತ್ತಿದ್ದಳು. ಆದರೂ ಜರುಗಿದಳು. ಲಾರಿ ರಸ್ತೆ ಹಿಡಿಯಿತು.

ಪೆರಿಜಾತ್ ಒಳಗೆ ಓಡಿ ಕುರ್ಚಿಯ ಮೇಲೆ ಅಂಗೈ ಇಟ್ಟಳು. ನಾನೂ ಇಟ್ಟೆ. ಉಳಿದ ಕುರ್ಚಿಗಳ ಹಾಗೇ ತಣ್ಣಗಿತ್ತು.

"ಹೇಳ್ದೆ ಹೋದ್ರಲ್ಲ ಅಕ್ಕ," ಎಂದಳು. ಕಣ್ಣು ತುಂಬಿತ್ತು.

"ಅತಿಥಿ ಅಂದ್ಮೇಲೆ ಹೋಗ್ದೆ ಇರ್ತಾರೇನೇ?"

"ಹೋಗ್ಲಿ. ಆದ್ರೆ ಬರಿಗೈಲಿ ಕಳ್ಸಿದ್ವಲ್ಲ."

ನಾನು ಕರಿದಿಟ್ಟಿದ್ದ, ಇನ್ನೂ ಬಿಸಿಯಿದ್ದ ಬೋರ್ಸೊಕ್ ಹಿಟ್ಟಿನುಂಡೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಅವಳು ಹೆದ್ದಾರಿಗೆ ಓಡಿದಳು. ಹಿಂದೆ ಬಂದ ಮೊದಲ ಕಾರಿಗೆ ಅಡ್ಡ ಕೈ ಹಿಡಿದು ನಿಲ್ಲಿಸಿದಳು. ಚಾಲಕ ಕಿಟಕಿ ಇಳಿಸಿ, "ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ?" ಎಂದು ರೇಗಿದ.

"ಮುಂದೆ ಒಂದು ನೀಲಿ ಲಾರಿ ಹೋಗ್ತಿದೆ ಅಣ್ಣ. ಇದನ್ನ ಅದ್ರಲ್ಲಿ ಕೊಟ್ಬಿಡಿ."

ಬಿಸಿ ಗಂಟು ಮಡಿಲಿಗೆ ಬಿದ್ದ ಮೇಲೆ ಅವನ ದನಿ ಸ್ವಲ್ಪ ಇಳಿಯಿತು. "ಯಾರಿಗೆ ಅಂತ ಹೇಳ್ಲಮ್ಮ?"

"ಅಸಿಲ್‌ಕಾನಕ್ಕಂಗೆ ಅಂತ ಹೇಳಿ. ಅಲ್ಲಿರೋ ಅಜ್ಜಿಗೆ ಗೊತ್ತಾಗತ್ತೆ."