ಗೋಂದಕ್ಕನ ಅಭಿಪ್ರಾಯ

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ರಟ್ಟು, ದಾರ, ಸೂಜಿ, ಗೋಂದಿನ ಡಬ್ಬಿಗಳ ನಡುವೆ ಕೂತು ಇಪ್ಪತ್ತೆರಡು ವರ್ಷದಿಂದ ಹರಿದ ಪುಸ್ತಕಗಳನ್ನು ಸರಿಮಾಡುತ್ತ ಬಂದವಳನ್ನು ಎಲ್ಲರೂ ಗೋಂದಕ್ಕ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪತ್ತೇದಾರಿ ಕಾದಂಬರಿಗೆ ಹೊಲಿಗೆ ಹಾಕುತ್ತ ಹಾಕುತ್ತ ಓದಲು ಹೋಗಿ, ಕೊಲೆಗಾರ ಯಾರೆಂದು ತಿಳಿಯುವ ಭರದಲ್ಲಿ ರಟ್ಟನ್ನು ತಲೆಕೆಳಗಾಗಿ ಅಂಟಿಸಿಬಿಟ್ಟಿದ್ದಳು. ಮೇಜಿನ ಮೇಲಿನ ಪುಸ್ತಕ ಓದುವುದಿಲ್ಲವೆಂದು ಅವತ್ತೇ ಶಪಥ ಮಾಡಿದಳು. ಹರಿದ ಪುಟ ತಾನಾಗಿ ಕಣ್ಣಿಗೆ ಬಿದ್ದರೆ ಅದು ಬೇರೆ ಮಾತು. ಕಣ್ಣು ಕಟ್ಟಿಕೊಂಡು ಗೋಂದು ಹಚ್ಚಲಾಗುವುದಿಲ್ಲವಲ್ಲ. ಹೀಗಾಗಿ ಸಾವಿರಾರು ಕಾದಂಬರಿಗಳ ಒಂದೊಂದು ಪುಟ ಅವಳಿಗೆ ಬಾಯಿಪಾಠವಾಗಿತ್ತು. ಯಾವುದರ ಹಿಂದುಮುಂದೂ ಗೊತ್ತಿರಲಿಲ್ಲ.

ಆ ವರ್ಷ ಹೊಸ ಗ್ರಂಥಪಾಲಕಿ ಬಂದರು. ಎಲ್ಲರೂ ಮೇಡಂ ಎನ್ನುತ್ತಿದ್ದ ಆಕೆ ಬಂದ ಎರಡನೇ ವಾರಕ್ಕೇ ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆಸಿ, ಸಿಬ್ಬಂದಿಯನ್ನೆಲ್ಲ ಕರೆದು ಕೈಗೊಂದು ಕಾರ್ಡು ಕೊಟ್ಟರು. ಜನ ಮನೆಗೆ ಒಯ್ಯಲು ಲಾಯಕ್ಕಾದ ಒಂದು ಕಾದಂಬರಿಯೋ, ಕಾಮಿಕ್ಸೋ, ಸಿನಿಮಾ ಸೀಡಿಯೋ ಆರಿಸಿ, ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಬರೆಯಬೇಕು; ಬೆಲ್ಲ ಸವರಿ ಬರೆಯುವುದು ಬೇಡ, ಅನಿಸಿದ್ದನ್ನೇ ಬರೆಯಿರಿ ಎಂದರು. ಗೋಂದಕ್ಕ ಮೆಲ್ಲಗೆ ಹಿಂದಕ್ಕೆ ಸರಿದಳು. ಅದು ಮೇಡಂ ಕಣ್ಣಿಗೆ ಬಿತ್ತು. ಅವಳ ಕೈಗೂ ಒಂದು ಕಾರ್ಡು ಬಂತು.

ಕೌಂಟರಿನಲ್ಲಿ ಕೂರುವ ಗುಂಡಣ್ಣ ನಿಂತ ಕಾಲಲ್ಲೇ ಬರೆದು ಮುಗಿಸಿದ. ಅವನಿಗೆ ಕಾಮಿಕ್ಸ್ ಎಂದರೆ ಪ್ರಾಣ. ವಿಮಾನ ಓಡಿಸುವ ಆಮೆಯ ಕಾಮಿಕ್ಸ್ ಬಗ್ಗೆ, 'ಮಕ್ಕಳಿಗೆಂದು ಒಯ್ಯುತ್ತೀರಿ, ಮಕ್ಕಳ ಕೈಗೆ ಕೊಡುವುದಿಲ್ಲ' ಎಂದು ಬರೆದ. ವಾಚ್‌ಮನ್ ಒಂದು ಸಿನಿಮಾ ಆರಿಸಿ, 'ಮೊದಲರ್ಧ ಅಲುಗಾಡದೆ ನೋಡಿ. ಆಮೇಲೆ ಎದ್ದು ಚಹಾ ಮಾಡಿಕೊಳ್ಳಬಹುದು' ಎಂದ. ಪುಸ್ತಕಗಳ ಪಟ್ಟಿ ತಯಾರಿಸುವ ಹಿರಿಯ ನೌಕರರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ದೋಣಿ ಕಟ್ಟುವ ಮನೆತನವೊಂದರ ಏಳುನೂರು ಪುಟದ ಕಾದಂಬರಿಯನ್ನು ಆರಿಸಿದರು. ಕಾರ್ಡಿನ ಎರಡೂ ಬದಿ ತುಂಬ 'ಅನುಪಮ', 'ಅನನ್ಯ', 'ಅಗಾಧ' ಎಂದು ಬರೆದು, ಕೊನೆಗೆ 'ನಾನಿದನ್ನು ಮೂರು ಬಾರಿ ಕೈಗೆತ್ತಿಕೊಂಡಿದ್ದೇನೆ' ಎಂದು ಸೇರಿಸಿದರು.

ಗೋಂದಕ್ಕ ಖಾಲಿ ಕಾರ್ಡನ್ನು ಮನೆಗೆ ಒಯ್ದಳು. ಏನಾದರೂ ಒಂದು ಕಥೆ ಕಟ್ಟಿ ಬರೆದುಬಿಡಲೇ ಎಂದು ಅತ್ತೆಯನ್ನು ಕೇಳಿದಳು. ಬಟ್ಟೆ ಮಡಚುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಸುಳ್ಳು ಬರೆದ್ರೆ ನಾಳೆ ಯಾರಾದ್ರೂ ಬಂದು ಕೇಳ್ದಾಗ ನೆನಪಿಟ್ಕೊಂಡು ಹೇಳ್ಬೇಕು ಕಣೇ. ನಿಂಗೆ ಒಲೆ ಆರಿಸಿದ್ದೇ ನೆನಪಿರಲ್ಲ. ಗೊತ್ತಿರೋದನ್ನ ಬರಿ."

ಗೊತ್ತಿರುವುದೇನು ಎಂದು ಗೋಂದಕ್ಕ ಬೆಳಗಿನವರೆಗೂ ಯೋಚಿಸಿದಳು. ಕೊನೆಗೆ ಬಸ್ಸಿನಲ್ಲಿ ಕೂತು, ತೊಡೆಯ ಮೇಲೆ ಚೀಲವಿಟ್ಟುಕೊಂಡು, ಪದೇ ಪದೇ ಹರಿದು ತನ್ನ ಮೇಜಿಗೆ ಬರುತ್ತಿದ್ದ ಒಂದು ಅತ್ತೆ-ಸೊಸೆ ಕಾದಂಬರಿಯ ಬಗ್ಗೆ ಬರೆದಳು: 'ಈ ಕಾದಂಬರಿಯ ಇನ್ನೂರ ಹದಿಮೂರನೇ ಪುಟವನ್ನು ಐದು ಸಲ ಅಂಟಿಸಿದ್ದೇನೆ. ಐದು ಸಲವೂ ಅದೇ ಮೂಲೆ. ಅಲ್ಲಿಯವರೆಗೆ ಬಾಯಿ ಬಿಡದ ಸೊಸೆ ಅಲ್ಲಿ ಬಾಯಿ ಬಿಡುತ್ತಾಳೆ. ಏನು ಹೇಳುತ್ತಾಳೆಂದು ತಿಳಿಯುವ ಅವಸರಕ್ಕೆ ಎಲ್ಲರೂ ಹಾಳೆ ಹರಿಯುತ್ತಾರೆ. ಉಳಿದ ಪುಟ ನಾನು ಓದಿಲ್ಲ. ಒಯ್ಯುವವರು ನಿಧಾನವಾಗಿ ತಿರುಗಿಸಿ.'

ಮೇಷ್ಟ್ರು ಅದನ್ನು ಓದಿ ಮೂಗು ಮುರಿದರು. ಓದದೆ ಅಭಿಪ್ರಾಯ ಕೊಡುವುದು ಗ್ರಂಥಾಲಯದ ಮರ್ಯಾದೆಗೆ ಕುಂದು, ತೆಗೆಸಿ ಎಂದು ಮೇಡಂ ಹತ್ತಿರ ಹೋದರು. ಮೇಡಂ ಕಾರ್ಡನ್ನು ಇನ್ನಷ್ಟು ಮೇಲೆ, ಎಲ್ಲರ ಕಣ್ಣಿಗೆ ನೆಟ್ಟಗೆ ಕಾಣುವಂತೆ ಸಿಕ್ಕಿಸಿದರು. ಹಿಂದಿನ ಕೋಣೆಯಲ್ಲಿದ್ದ ಗೋಂದಕ್ಕನಿಗೆ ಮೇಷ್ಟ್ರ ಮಾತು ಒಂದೂ ಬಿಡದೆ ಕೇಳಿಸಿತ್ತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲವಲ್ಲ ಎನಿಸಿ ಅವಳ ಮುಖ ಸಣ್ಣದಾಯಿತು.

ವಾರದೊಳಗೆ ಆ ಕಾದಂಬರಿಗೆ ಹತ್ತೊಂಬತ್ತು ಜನ ಹೆಸರು ಬರೆಸಿದರು. ಓದಿ ತಂದವರೆಲ್ಲ ಹಿಂದಿನ ಕೋಣೆಗೇ ಬಂದು, ಸೊಸೆ ಹೇಳಿದ್ದು ಸರಿಯೋ ತಪ್ಪೋ ಎಂದು ಗೋಂದಕ್ಕನ ಜೊತೆ ವಾದಕ್ಕೆ ನಿಂತರು. ಓದಿಲ್ಲವೆಂದರೆ ಒಬ್ಬರೂ ನಂಬಲೊಲ್ಲರು. ಮೇಷ್ಟ್ರ ಏಳುನೂರು ಪುಟದ ಕಾದಂಬರಿ ಮಾತ್ರ ಕಪಾಟಿನಲ್ಲಿ ಕಲ್ಲಿನ ಹಾಗೆ ಕೂತಿತ್ತು. ಅವರು ದಿನಕ್ಕೆರಡು ಸಲ ಹೋಗಿ ನೋಡಿ ಬರುವುದು ಗೋಂದಕ್ಕನಿಗೆ ಕಾಣುತ್ತಿತ್ತು. ನಗು ಬರಬೇಕಾದ ಕಡೆ ಅವಳಿಗೆ ಅಯ್ಯೋ ಪಾಪ ಎನಿಸಿತು.

ಕೊನೆಗೂ ಅದಕ್ಕೊಬ್ಬರು ಗಿರಾಕಿ ಸಿಕ್ಕರು. ನಿವೃತ್ತ ನರ್ಸ್ ಒಬ್ಬರು ಪುಸ್ತಕವನ್ನು ಮಗುವಿನಂತೆ ಎತ್ತಿಕೊಂಡು ಹೋದರು. ಹತ್ತು ದಿನದ ಮೇಲೆ ಬಂದವರು ಕೌಂಟರಿಗೂ ಹೋಗದೆ ಸೀದಾ ಗೋಂದಕ್ಕನ ಮೇಜಿನ ಮೇಲೆ ಅದನ್ನಿಟ್ಟರು.

"ಅಜ್ಜ ಬಿರುಗಾಳೀಲಿ ದೋಣಿ ಹತ್ತಿದಾನಮ್ಮಾ. ಎದುರಿನ ಪುಟಕ್ಕೆ ಬಂದ್ರೆ, ಪೆಟ್ಟಿಗೆ ಮುಚ್ಚಳ ಮೆಲ್ಲಗೆ ತೆಗೆದು ಹೊಗೆ ಹಾಕ್ಬೇಕು ಅಂತಿದೆ. ಇದೇನೋ ಹೊಸ ಶೈಲಿ ಇರ್ಬೇಕು ಅಂದ್ಕೊಂಡು ಎರಡು ಪುಟ ಓದಿದೆ. ಆಮೇಲೆ ರಾಣಿ ಜೇನು ಬಂತು."

ಗೋಂದಕ್ಕ ಪುಸ್ತಕ ಬಿಡಿಸಿದಳು. ಮುನ್ನೂರ ಐದರಿಂದ ಮುನ್ನೂರ ಇಪ್ಪತ್ತರವರೆಗಿನ ಹದಿನಾರು ಪುಟ ಜೇನು ಸಾಕಣೆಯ ಪುಸ್ತಕದ್ದು. ಅಚ್ಚಾದ ಕಡೆಯೇ ಅದಲುಬದಲಾಗಿ ಹೊಲಿದುಹೋಗಿತ್ತು. ಹೊಲಿಗೆ ಒಂದಿಷ್ಟೂ ಸಡಿಲವಾಗಿರಲಿಲ್ಲ. ಪುಸ್ತಕದ ಬೆನ್ನನ್ನು ಬೆರಳಿಂದ ಸವರಿದರೆ ಅದು ಎಲ್ಲಿಯವರೆಗೆ ತೆರೆದುಕೊಂಡಿದೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ಇದು ಮುನ್ನೂರರ ಹತ್ತಿರದವರೆಗೆ ಚೆನ್ನಾಗಿ ಪಳಗಿತ್ತು. ಆಚೆಗೆ, ನರ್ಸಮ್ಮ ತಿರುಗಿಸಿದ ಒಂದೆರಡು ಹಾಳೆ ಬಿಟ್ಟರೆ, ಅಂಗಡಿಯಿಂದ ಬಂದ ಹಾಗೇ ಬಿಗಿಯಾಗಿತ್ತು. ಗ್ರಂಥಾಲಯದಲ್ಲಿ ಇದ್ದದ್ದು ಇದೊಂದೇ ಪ್ರತಿ.

ಮೇಷ್ಟ್ರ ಗುಟ್ಟು ಈಗ ಅವಳ ಕೈಯಲ್ಲಿತ್ತು. ಗುಂಡಣ್ಣನಿಗೆ ಒಂದು ಮಾತು ಹೇಳಿದರೆ ಸಾಕಿತ್ತು, ಸಂಜೆಯೊಳಗೆ ವಾಚ್‌ಮನ್‌ವರೆಗೂ ಮುಟ್ಟುತ್ತಿತ್ತು. ಹೇಳಿಬಿಡುವ ಆಸೆಯೂ ಆಯಿತು. ಹೇಳುವ ಧಾಟಿಯನ್ನು ಕೂಡ ಮನಸ್ಸಿನಲ್ಲೇ ಒಂದು ಸಲ ಅಭ್ಯಾಸ ಮಾಡಿದಳು. ಆದರೆ ದಿನಕ್ಕೆರಡು ಸಲ ಕಪಾಟಿನ ಮುಂದೆ ನಿಲ್ಲುತ್ತಿದ್ದ ಮನುಷ್ಯನ ಮುಖ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಅವರ ಮೇಜಿನ ಮೇಲೆ ಜೇನಿನ ಪುಟ ಬಿಡಿಸಿಟ್ಟಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕಿವಿ ಕೆಂಪಾಯಿತು.

"ಗೋಂದಕ್ಕ, ನಾನು ಮೂರು ಸಲ ಕೈಗೆತ್ತಿಕೊಂಡಿದ್ದು ಸುಳ್ಳಲ್ಲ. ಮೂರು ಸಲಾನೂ ಇನ್ನೂರ ತೊಂಬತ್ತೆಂಟಕ್ಕೆ ನಿದ್ದೆ ಬಂದ್ಬಿಡ್ತು."

"ಹಾಗಾದ್ರೆ ಅಷ್ಟನ್ನೇ ಬರೀಬಹುದಿತ್ತಲ್ಲ ಮೇಷ್ಟ್ರೇ."

"ಎಲ್ರೂ ನಾನು ದೊಡ್ಡ ಓದುಗ ಅಂದ್ಕೊಂಡಿದಾರೆ. ನಿಮ್ಮ ಹಾಗೆ ಓದಿಲ್ಲ ಅನ್ನೋಕೆ ಧೈರ್ಯ ಬೇಕು. ಅದಕ್ಕೇ ನಿಮ್ಮ ಕಾರ್ಡು ನೋಡಿ ಹೊಟ್ಟೆ ಉರೀತು."

ಆ ಮಾತಿಗೆ ಗೋಂದಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದು ನೋಡಿ ಮೇಷ್ಟ್ರಿಗೂ ನಗು ಬಂತು. ಗಂಭೀರ ಮನುಷ್ಯ ನಕ್ಕದ್ದನ್ನು ಕೇಳಿ ಗುಂಡಣ್ಣ ಕೌಂಟರಿನಿಂದ ಇಣುಕಿ ನೋಡಿದ. ಅವನಿಗೆ ಏನೂ ಹೇಳದೆ ಇಬ್ಬರೂ ಗಂಭೀರವಾದರು.

ಮರುದಿನ ಹಲಗೆಯ ಮೇಲೆ ಮೇಷ್ಟ್ರ ಹೊಸ ಕಾರ್ಡು ಬಂತು. ಅವರು ಯಾರ ಒತ್ತಾಯವೂ ಇಲ್ಲದೆ ಬರೆದಿದ್ದರು: 'ಇದನ್ನು ಮೂರು ಸಲ ಶುರುಮಾಡಿ ಮೂರು ಸಲವೂ ಸೋತೆ. ನಿದ್ದೆ ಬಾರದವರಿಗೆ ಶಿಫಾರಸು ಮಾಡುತ್ತೇನೆ. ನಡುವೆ ಜೇನು ಸಾಕಣೆಯ ಹದಿನಾರು ಪುಟ ತಪ್ಪಿ ಸೇರಿವೆ. ಅವನ್ನು ಪೂರ್ತಿ ಓದಿದೆ, ಬಹಳ ಚೆನ್ನಾಗಿವೆ.' ಮೇಡಂ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೇರೊಂದು ಊರಿನ ಗ್ರಂಥಾಲಯಕ್ಕೆ ಅವತ್ತೇ ಪತ್ರ ಬರೆದು, ತಪ್ಪಿಹೋದ ಹದಿನಾರು ಪುಟಗಳ ನಕಲು ತರಿಸಿಕೊಟ್ಟರು.

ಗೋಂದಕ್ಕ ಹಳೆಯ ಹೊಲಿಗೆ ಬಿಚ್ಚಿ, ಜೇನನ್ನು ಹೊರಗೆ ತೆಗೆದು, ಬಿರುಗಾಳಿಯನ್ನು ಒಳಗೆ ಸೇರಿಸಿದಳು. ಊಟದ ವಿರಾಮದಲ್ಲಿ ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದು ಅವಳ ಕೋಣೆಯಲ್ಲಿ ಕೂತರು. ಒಬ್ಬನೇ ಓದಿದರೆ ಮತ್ತೆ ನಿದ್ದೆ ಬರುತ್ತದೆ, ನೀವು ಕೇಳುವುದಾದರೆ ಗಟ್ಟಿಯಾಗಿ ಓದುತ್ತೇನೆ ಎಂದರು. ಓದುವುದಿಲ್ಲ ಎಂದಷ್ಟೇ ಶಪಥ ಮಾಡಿದ್ದು, ಕೇಳುವುದಿಲ್ಲ ಎಂದಲ್ಲವಲ್ಲ ಎಂದು ಗೋಂದಕ್ಕ ಲೆಕ್ಕ ಹಾಕಿ, ಮೊದಲನೇ ಪುಟದಿಂದ ಶುರುಮಾಡಿ ಎಂದಳು. ಅವಳ ಕೈ ತನ್ನ ಪಾಡಿಗೆ ತಾನು ಹೊಲಿಯುತ್ತಿತ್ತು, ಕಿವಿ ದೋಣಿಯಲ್ಲಿರುತ್ತಿತ್ತು. ಮೇಷ್ಟ್ರು ತೂಕಡಿಸಿದರೆ ರಟ್ಟಿನ ತುಂಡಿನಿಂದ ಮೇಜು ತಟ್ಟುತ್ತಿದ್ದಳು. ಅಜ್ಜ ಬಿರುಗಾಳಿ ದಾಟಿ ದಡ ಸೇರಿದ ದಿನ ಸೂಜಿ ಕೈಯಲ್ಲೇ ನಿಂತಿತು. ಒಂದು ಕಾದಂಬರಿಯ ಜನ ಮನೆಗೂ ತನ್ನ ಹಿಂದೆ ಬರುವುದು ಅವಳಿಗೆ ಹೊಸದು. ಸಂಜೆ ಅತ್ತೆಗೆ ಅವತ್ತಿನ ಕಥೆ ಒಪ್ಪಿಸುವುದೂ ರೂಢಿಯಾಯಿತು.

ಎರಡು ತಿಂಗಳಿಗೆ ಪುಸ್ತಕ ಮುಗಿಯಿತು. ಕೊನೆಯಲ್ಲಿ ಮೊಮ್ಮಗಳು ಮನೆತನದ ಕಡೆಯ ದೋಣಿಗೆ ಬೆಂಕಿಯಿಟ್ಟು ಹೊರಟುಹೋಗುತ್ತಾಳೆ. ಎಂಥ ತ್ಯಾಗ ಎಂದು ಮೇಷ್ಟ್ರು ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಗೋಂದಕ್ಕ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು.

"ತಳದಲ್ಲಿ ಒಂದು ತೂತು ಬಿತ್ತು ಅಂತ ದೋಣೀನೇ ಸುಡ್ತಾರಾ? ಎರಡು ಹಲಗೆ ಬದಲಾಯಿಸಿದ್ರೆ ಇನ್ನೂ ಇಪ್ಪತ್ತು ವರ್ಷ ಓಡ್ತಿತ್ತು."

"ಅದು ಸಂಕೇತ, ಗೋಂದಕ್ಕ."

"ಸಂಕೇತ ಆದ್ರೇನು, ಮರ ಒಳ್ಳೇದಿತ್ತಲ್ಲ."

ಇಬ್ಬರೂ ಮಣಿಯಲಿಲ್ಲ. ಒಂದೇ ಕಾದಂಬರಿಯ ಮೇಲೆ ಎರಡು ಕಾರ್ಡು ಅಕ್ಕಪಕ್ಕದಲ್ಲಿ ಬಂದವು, ಒಂದರಲ್ಲಿ 'ಕೊನೆ ಅದ್ಭುತ', ಇನ್ನೊಂದರಲ್ಲಿ 'ಕೊನೆಯ ಹತ್ತು ಪುಟ ಬಿಟ್ಟು ಓದಿ'. ಓದುಗರು ಎರಡು ಪಂಗಡವಾಗಿ, ಜಗಳ ತೀರಿಸಲೆಂದೇ ಪುಸ್ತಕ ಒಯ್ಯತೊಡಗಿದರು. ಮುಂದಿನ ಓದಿಗೆ ಮೇಷ್ಟ್ರು ಒಂಬೈನೂರು ಪುಟದ್ದೊಂದನ್ನು ಹೊತ್ತು ತಂದರೆ, ಗೋಂದಕ್ಕ ಅದರ ಬೆನ್ನು ಸವರಿ ನೋಡಿ, ಇದನ್ನು ನೀವು ಎಪ್ಪತ್ತಕ್ಕೇ ಬಿಟ್ಟಿದ್ದೀರಿ ಎಂದು ನಕ್ಕು, ಕುರ್ಚಿಯನ್ನು ಅವರ ಕಡೆ ಸರಿಸಿದಳು.