ಸೊಸೈಟಿ ನೋಟಿಸ್ ಎಂಬ ಫೋಲ್ಡರ್

ನನ್ನ ಇಮೇಲ್ ವಿಳಾಸ ಮಾಡಿಕೊಟ್ಟವಳು ಮಗಳು ಮಾಧುರಿ. ಎಂಟು ವರ್ಷದ ಹಿಂದೆ, ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ಅಂದಿನಿಂದ ನಾನದನ್ನು ಮೊಬೈಲಿನಲ್ಲಷ್ಟೇ ನೋಡಿದ್ದೆ. ಟ್ಯೂಶನ್ ಮಕ್ಕಳ ತಾಯಂದಿರ ಪತ್ರಗಳೆಲ್ಲ ಅಲ್ಲಿ ಕಲಸುಮೇಲೋಗರವಾಗಿದ್ದವು. ಅದಕ್ಕೇ ಈ ಭಾನುವಾರ ಬೆಳಿಗ್ಗೆ ಹಟ ಹಿಡಿದು, ಮುಂಬಯಿಯ ಬೊರಿವಲಿಯ ನಮ್ಮ ಮನೆಯ ಕಂಪ್ಯೂಟರಿಗೆ ಮೇಲ್ ನೋಡುವ ಪ್ರೋಗ್ರಾಂ ಹಾಕಿ, ಕ್ಲಾಸಿಗೊಂದು ಫೋಲ್ಡರ್ ಮಾಡಲು ಕುಳಿತೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಮಾಧುರಿ ಮೌಸ್ ಕಸಿದುಕೊಂಡು ತಾನೇ ಮಾಡಿಬಿಡುತ್ತಾಳೆ.

ಎಡಗಡೆಯ ಪಟ್ಟಿಯಲ್ಲಿ ನಾನು ಎಂದೂ ಕಾಣದ ಫೋಲ್ಡರೊಂದಿತ್ತು. ಹೆಸರು ‘ಸೊಸೈಟಿ ನೋಟಿಸ್’. ಮೊಬೈಲಿನಲ್ಲಿ ಪತ್ರಗಳಿಗೆ ಹಚ್ಚುವ ಲೇಬಲ್‌ಗಳನ್ನು ಬೇಕಾದರೆ ಮರೆಮಾಡಿ ಇಡಬಹುದಂತೆ. ಈ ಪ್ರೋಗ್ರಾಮಿಗೆ ಆ ಮುಲಾಜಿಲ್ಲ, ಇದ್ದಬದ್ದ ಲೇಬಲ್‌ಗಳನ್ನೆಲ್ಲ ಫೋಲ್ಡರ್ ಮಾಡಿ ಸಾಲಾಗಿ ನಿಲ್ಲಿಸುತ್ತದೆ. ನಮ್ಮ ಬಿಲ್ಡಿಂಗಿನ ಸೊಸೈಟಿ ನೋಟಿಸನ್ನು ಗೋಡೆಗೆ ಅಂಟಿಸಿದರೇ ಯಾರೂ ಓದುವುದಿಲ್ಲ. ಇಡೀ ಫೋಲ್ಡರನ್ನೇ ಅಳಿಸೋಣವೆಂದುಕೊಂಡೆ. ಖಾಲಿ ಡಬ್ಬಿಯನ್ನೂ ತೆರೆದು ನೋಡದೆ ಎಸೆಯುವವಳಲ್ಲ ನಾನು, ಅದಕ್ಕೆ ತೆರೆದೆ.

ಒಳಗೆ ಒಂಬತ್ತು ಪತ್ರಗಳು. ಒಂಬತ್ತೂ ಶಾಲೆಗಳಿಂದ ಬಂದವು. ಕಾಂದಿವಲಿ, ಅಂಧೇರಿ, ದಹಿಸರ್. ‘ಶಿಕ್ಷಕಿ ಹುದ್ದೆಗೆ ನಿಮ್ಮನ್ನು ಸಂದರ್ಶನಕ್ಕೆ ಕರೆಯಲಾಗಿದೆ.’ ಎಲ್ಲಕ್ಕಿಂತ ಹೊಸದು ವಿಲೆ ಪಾರ್ಲೆಯ ಶಾಲೆಯದು, ನಾಳೆ ಸೋಮವಾರ ಹತ್ತು ಗಂಟೆಗೆ ಬರಬೇಕು ಎಂದಿತ್ತು.

ಎಂಟು ವರ್ಷ ನಾನು ಅರ್ಜಿ ಹಾಕಿದ್ದೇನೆ. ಒಂದಕ್ಕೂ ಉತ್ತರ ಬರಲಿಲ್ಲವೆಂದು ನನ್ನ ಇಂಗ್ಲಿಷನ್ನು ಹಳಿದಿದ್ದೇನೆ, ಧಾರವಾಡದ ಬಿ.ಎಡ್. ಡಿಗ್ರಿಯನ್ನು ಹಳಿದಿದ್ದೇನೆ, ಈ ಊರನ್ನೇ ಶಪಿಸಿದ್ದೇನೆ. ನಲವತ್ತೆಂಟಾಯಿತು ನನಗೆ. ನಾನು ಫೋಲ್ಡರ್ ತೆರೆದಾಗ ಎಂಟು ಪತ್ರಗಳ ಶೀರ್ಷಿಕೆ ದಪ್ಪ ಅಕ್ಷರದಲ್ಲಿತ್ತು, ಅಂದರೆ ಯಾರೂ ತೆರೆದಿರಲಿಲ್ಲ. ಎಲ್ಲಕ್ಕಿಂತ ಹಳೆಯದನ್ನು ಮಾತ್ರ ಯಾರೋ ಓದಿದ್ದರು. ಪಕ್ಕದಲ್ಲಿ ಬಾಗಿದ ಬಾಣದ ಗುರುತು ಬೇರೆ. ಓದಿದ್ದಷ್ಟೇ ಅಲ್ಲ, ಉತ್ತರವನ್ನೂ ಬರೆದಿದ್ದರು!

ನನ್ನ ಗಂಡ ಕಾಶಿನಾಥ ಚಹಾ ಹಿಡಿದು ಪೇಪರ್ ಓದುತ್ತಿದ್ದರು. ಹೋಗಿ ಪೇಪರ್ ಕಿತ್ತುಕೊಂಡೆ.

“ನಾ ನೌಕ್ರಿ ಮಾಡೂದು ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳ್ಬೇಕಿತ್ತ್ರೀ! ಕಳ್ಳರಂಗ ನನ್ನ ಪತ್ರ ಯಾಕ ಮುಚ್ಚಿಟ್ರಿ?”

ಅವರು ಕಂಪ್ಯೂಟರಿನ ಮುಂದೆ ಬಂದು ಕಣ್ಣು ಕಿರಿದು ಮಾಡಿ ನೋಡಿದರು. “ಇದೇನ ಫೋಲ್ಡರ್ರು? ನನಗ ನನ್ನ ಪಾಸ್‌ವರ್ಡೇ ಗೊತ್ತಿಲ್ಲ. ನಮ್ಮ ಮನ್ಯಾಗ ಇವನ್ನೆಲ್ಲಾ ಮಾಡಾಕಿ ಯಾರು, ನೀನ ಹೇಳು.”

ಆ ಮಾತು ನನಗೆ ಅರ್ಥವಾಗುವಷ್ಟರಲ್ಲಿ ಮಾಧುರಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಾತ್‌ರೂಮಿನಿಂದ ಹೊರಬಂದಳು. ಪರದೆಯನ್ನು ನೋಡಿದವಳು ನಿಂತಲ್ಲೇ ನಿಂತಳು.

“ಮಮ್ಮಿ... ಆ ಫಿಲ್ಟರ್ ಇನ್ನೂ ಚಾಲೂ ಅದ?”

“ಯಾವ ಫಿಲ್ಟರ್?”

“ಇಂಟರ್‌ವ್ಯೂ ಅಂತ ಇದ್ದ ಮೇಲ್ ಎಲ್ಲಾ ಸೀದಾ ಅದ್ರಾಗ ಹೋಗೂದು. ಮೈ ಬಚ್ಚೀ ಥೀ, ಮಮ್ಮಿ, ಸಣ್ಣಾಕಿ ಇದ್ದೆ. ಕಾಲೇಜಿಗೆ ಹೋದಮ್ಯಾಲ ಭೂಲ್ ಗಯೀ. ಸಚ್ಚಿ, ಮರ್ತೇ ಬಿಟ್ಟೆ.”

ಕೈ ಎತ್ತಿದೆ. ಬೆಳೆದ ಮಗಳು, ಪರೇಲ್‌ನ ಆಫೀಸಿನಲ್ಲಿ ಕೆಲಸಕ್ಕಿರುವವಳು, ಅದೆಲ್ಲ ಆಗ ನೆನಪಿಗೇ ಬರಲಿಲ್ಲ. ಕಾಶಿನಾಥ ನನ್ನ ಮುಂಗೈ ಹಿಡಿದರು. “ಮೊದಲ ಅಕಿ ಬರ್ದದ್ದನ್ನ ಓದು,” ಎಂದರು.

ಹಳೆಯ ಪತ್ರದ ಉತ್ತರವನ್ನು ತೆರೆದೆ. ಇಂಗ್ಲಿಷಿನಲ್ಲಿ ಮೂರೇ ಸಾಲು. ‘ಮಾನ್ಯರೇ, ನಾನು ಕೆಲಸಕ್ಕೆ ಬರಲಾರೆ. ನನ್ನ ಮಗಳಿಗೆ ಸಂಜೆ ಮನೆಯಲ್ಲಿ ಒಬ್ಬಳೇ ಇರಲು ತುಂಬಾ ಹೆದರಿಕೆ. ದಯವಿಟ್ಟು ಸಿಟ್ಟಾಗಬೇಡಿ. ಇಂತಿ, ನಾಗರತ್ನಾ.’

ನನ್ನ ಹೆಸರಿನಲ್ಲಿ ನನಗೇ ಗೊತ್ತಿಲ್ಲದ ಹೆದರಿಕೆ. ಆ ವರ್ಷ, ಅರ್ಜಿ ಹಾಕಲು ಶುರುಮಾಡುವ ಮೊದಲು, ನಾನು ಎರಡು ತಿಂಗಳು ಒಂದು ಶಾಲೆಯಲ್ಲಿ ಬದಲಿ ಟೀಚರ್ ಆಗಿದ್ದೆ, ಲೋಕಲ್ ಟ್ರೇನ್ ಹಿಡಿದು ಮನೆ ಸೇರುವಷ್ಟರಲ್ಲಿ ಏಳು ಗಂಟೆಯಾಗುತ್ತಿತ್ತು.

“ಬಾಗಲಕ್ಕ ಸ್ಟೂಲ್ ಹಚ್ಚಿ ಕುಂದರ್ತಿದ್ದೆ, ನೀ ಬರೂ ತನಕ,” ಎಂದಳು.

“ನನ್ನ ಮುಂದ ಯಾಕ ಹೇಳ್ಲಿಲ್ಲವಾ?”

“ಹೇಳಿದ್ದೆ ಮಮ್ಮಿ. ಎರಡು ಸಲ. ನೀ ರೊಟ್ಟಿ ಮಾಡ್ಕೋತ, ದೊಡ್ಡಾಕಿ ಆಗೀದಿ, ನಾಟಕ ಸಾಕು ಅಂದಿ.”

ಎಷ್ಟು ತಲೆ ಕೆರೆದುಕೊಂಡರೂ ನನಗದು ನೆನಪಾಗಲಿಲ್ಲ. ಸುಳ್ಳು ಹೇಳುತ್ತಿದ್ದಾಳೆ ಎಂದು ಒಂದು ಗಳಿಗೆ ಅಂದುಕೊಂಡೆ, ಹಾಗೆ ಅಂದುಕೊಂಡದ್ದಕ್ಕೇ ನಾಚಿಕೆಯಾಯಿತು. ಯಾಕೆಂದರೆ ಆ ಮಾತು ನನ್ನದೇ. ಈಗಲೂ ಟ್ಯೂಶನ್ ಮಕ್ಕಳಿಗೆ ದಿನಾ ಅದನ್ನೇ ಅನ್ನುತ್ತೇನೆ.

ಮಾಧುರಿ ಮೆಲ್ಲಗೆ ಮೌಸಿನ ಕಡೆ ಕೈ ಚಾಚಿದಳು. “ನಾಳೀದಕ್ಕ ರಿಪ್ಲೈ ನಾ ಹಾಕ್ಲಿ?”

“ಕೈ ತಗಿ,” ಎಂದೆ.

ಒಂದೊಂದೇ ಕೀಲಿ ಒತ್ತಿ, ಬರುತ್ತೇನೆ ಎಂದು ಬರೆದು ಕಳಿಸಿದೆ. ಅವಳು ಕುರ್ಚಿಯ ಹಿಂದೆಯೇ ನಿಂತಿದ್ದಳು.

“ಭಾಳ ಸಿಟ್ಟದ ನಿಂಗ?”

“ಅದ,” ಎಂದೆ. ಅವಳ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಅವಳು ಕೇಳಲಿಲ್ಲ.