ಮಥುರಾಬಾಯಿಯ ಮಷೀನಿನಲ್ಲಿ ದೇವಕ್ಕನ ಕೌದಿ

ಮಹಾನವಮಿಗೆ ಘಟ ಹಾಕುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆದು ಒಣಗಿರಬೇಕು. ಸಿರಸಂಗಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಓಣಿಗೆ ಓಣಿಯೇ ಕೌದಿ ಹೊತ್ತು ಹಳ್ಳಕ್ಕೆ ನಡೆಯುತ್ತದೆ. ಈ ವರ್ಷ ದೇವಕ್ಕ ಮಾತ್ರ ಹೋಗಲಿಲ್ಲ. ಮೊಣಕಾಲು ಹಿಡಿದುಕೊಂಡಿತ್ತು. ಮೇಲಾಗಿ ಅವಳ ಸೆರಗಿನ ತುದಿಯಲ್ಲಿ ಎದುರುಮನೆ ಮಥುರಾಬಾಯಿಯವರ ಕೀಲಿಕೈ ಇತ್ತು.

ಮಥುರಾಬಾಯಿ ಸೊಸೆ ಸುಚೇತಾಳನ್ನು ಕರೆದುಕೊಂಡು ಧಾರವಾಡದ ಡಾಕ್ಟರ ಹತ್ತಿರ ಹೋಗಿದ್ದರು. ಸುಚೇತಾಳ ಬಲಗೈ ಮುರಿದು, ಒಳಗೆ ಪ್ಲೇಟು ಕೂಡಿಸಿ ಎರಡು ತಿಂಗಳಾಗಿತ್ತು. ಬಟ್ಟೆ ಹಿಂಡಲಾಗದು ಎಂತಲೇ ಆ ಮನೆಗೆ ವಾಷಿಂಗ್ ಮಷೀನು ಬಂದದ್ದು. ಹೊರಡುವಾಗ ಸುಚೇತಾ ತುಳಸಿಗೆ ನೀರು ಹಾಕಲು ಹೇಳಿ, ದೇವಕ್ಕ ಕುಂಟುವುದನ್ನು ನೋಡಿ ಮನಸ್ಸು ತಡೆಯದೆ ಇನ್ನೊಂದು ಮಾತನ್ನೂ ಹೇಳಿದ್ದಳು.

"ನಿಮ್ಮ ಅರಿವೀನೂ ನಮ್ಮ ಮಶೀನಿನ್ಯಾಗ ಹಾಕ್ರಿ, ಅಕ್ಕಾರ. ಸೀರಿ, ಅಂಗಿ ಏನಿದ್ರೂ ಹಾಕ್ರಿ. ಕೌದಿ ಮಾತ್ರ ಬ್ಯಾಡ್ರಿ, ಅದು ತಡಿಯೂದಿಲ್ಲ."

ದೇವಕ್ಕ ಹೂಂ ಅಂದಳು. ಮನಸ್ಸಿನಲ್ಲಿ ಉಳಿದದ್ದು ಮಾತ್ರ ಮೊದಲರ್ಧ. ಹಿಟ್ಟಿನ ಗಿರಣಿ ಚೀಲಗಟ್ಟಲೆ ಜೋಳ ಬೀಸುತ್ತದೆ, ಇದೂ ಕರೆಂಟಿನ ಮಷೀನೇ, ಎರಡು ಕೌದಿಗೆ ಏನಾದೀತು ಎಂದು ಅವಳ ಲೆಕ್ಕ. ಹಳೇ ಸೀರೆ, ಧೋತರ ಪದರಪದರವಾಗಿ ಇಟ್ಟು, ಕೆಂಪು ದಾರದಲ್ಲಿ ಅವಳೇ ಹೊಲಿದ ಕೌದಿಗಳು ಅವು. ಒಣಗಿದ್ದಾಗಲೇ ಹೊರೆ. ನೀರು ಕುಡಿದರೆ ಎತ್ತಲು ಇಬ್ಬರು ಬೇಕು. ಎರಡನ್ನೂ ಟಬ್ಬಿಗೆ ಹಾಕಿ, ಮುಷ್ಟಿಯಿಂದ ಅದುಮಿ, ನೀರು ತುಂಬಿ ಗುಂಡಿ ತಿರುವಿದಳು.

ಮಷೀನು ಅರ್ಧ ಸುತ್ತು ತಿರುಗಿ ನಿಂತು, ಗುಂಯ್ ಎಂದು ನರಳಿತು. ದೇವಕ್ಕ ಮತ್ತೆ ತಿರುವಿದಳು. ಮತ್ತೆ ಗುಂಯ್. ಮೂರನೇ ಸಲಕ್ಕೆ ಸುಟ್ಟ ವಾಸನೆ ಬಂತು. ಸ್ವಿಚ್ಚು ಆರಿಸಿದಳು, ನೀರು ಬಿಟ್ಟಳು, ಕೌದಿಗಳನ್ನು ಒಂದೊಂದೇ ತನ್ನ ಅಂಗಳಕ್ಕೆ ಎಳೆದು ಹಾಕಿದಳು. ಮಷೀನು ಒರೆಸಿ, ಅದರ ಮೇಲಿನ ಹೂವಿನ ಬಟ್ಟೆಯನ್ನು ಇದ್ದ ಹಾಗೇ ಹೊದಿಸಿ, ಕಳ್ಳಿಯ ಹಾಗೆ ಬಾಗಿಲು ಹಾಕಿಕೊಂಡು ಬಂದಳು.

ಮರುದಿನ ಅವರು ಬಂದರು. ಕೀಲಿಕೈ ಕೊಡುವಾಗ ದೇವಕ್ಕ ತಲೆ ಎತ್ತಲಿಲ್ಲ. ಮಥುರಾಬಾಯಿ ಎಂದಿನಂತೆ ಧಾರವಾಡದ ಪೇಢೆ ಕೈಗಿಟ್ಟರು. ಹೇಳಬೇಕೆಂದು ಬಾಯಿ ತೆರೆದವಳು ಪೇಢೆ ಹಿಡಿದುಕೊಂಡೇ ಮನೆಗೆ ಬಂದಳು. ತಿನ್ನಲಾಗಲಿಲ್ಲ. ಗೋಡೆಯ ಮಾಡದಲ್ಲಿಟ್ಟದ್ದಕ್ಕೆ ಸಂಜೆಯೊಳಗೆ ಇರುವೆ ಮುತ್ತಿದವು.

ಮುಂದಿನ ಬೆಳಿಗ್ಗೆ ಎದುರುಮನೆಯಿಂದ ಮಥುರಾಬಾಯಿಯವರ ದನಿ ಓಣಿಗೆಲ್ಲ ಕೇಳಿತು. ಸುಚೇತಾ ಸೀರೆ ಹಾಕಿ ಸ್ವಿಚ್ಚು ಹಾಕಿದರೆ ಮಷೀನು ತಿರುಗಿರಲಿಲ್ಲ, ಫೋನು ಮಾಡಿದ್ದಕ್ಕೆ ಸವದತ್ತಿಯಿಂದ ರಿಪೇರಿಯ ಪರಶು ಬಂದಿದ್ದ. ದೇವಕ್ಕ ಹೋಗಿ ಬಾಗಿಲಲ್ಲಿ ನಿಂತಳು. ಕಣ್ಣೆದುರಿಗೇ ಸುಚೇತಾಳಿಗೆ ಬೈಗುಳ ನಡೆದಿತ್ತು. ಗಡಬಡಿಯಲ್ಲಿ ಏನೇನೋ ತುರುಕಿದ್ದಾಳೆ, ಹೊಸ ಸಾಮಾನು ಹಾಳು ಮಾಡಿದ್ದಾಳೆ ಎಂದು. ತಾನು ಹಾಕಿದ್ದು ನಾಲ್ಕೇ ಸೀರೆ ಎಂದು ಸುಚೇತಾ ಎರಡು ಸಲ ಹೇಳಿದಳು. ಅತ್ತೆ ಕೇಳಲಿಲ್ಲ. ಅವಳು ಒಮ್ಮೆ ದೇವಕ್ಕನ ಕಡೆ ನೋಡಿ, ಮುರಿದ ಕೈಯನ್ನು ಎದೆಗೊತ್ತಿಕೊಂಡು ಸುಮ್ಮನಾದಳು. ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ದೇವಕ್ಕನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು.

ಪರಶು ಪ್ಲಗ್ಗು ಕಿತ್ತು, ಟಬ್ಬಿನ ತಳದ ಚಕ್ರ ಬಿಚ್ಚಿ, ಅದರಡಿಯಿಂದ ದಾರದ ಸಿಕ್ಕೊಂದನ್ನು ಎಳೆದು ತೆಗೆದ. ಮಸಿ ಮೆತ್ತಿ ಕಪ್ಪಾಗಿತ್ತು. ಅದು ಯಾರ ದಾರವೆಂದು ಯಾರಿಗೂ ತಿಳಿಯುವಂತಿರಲಿಲ್ಲ. ದೇವಕ್ಕ ಸುಮ್ಮನಿದ್ದರೆ ನಡೆದುಹೋಗುತ್ತಿತ್ತು.

"ಬಾಯಾರ, ಆಕೀಗೆ ಏನೂ ಅನಬ್ಯಾಡ್ರಿ," ಅಂದಳು. "ಅದು ನನ್ನ ಕೌದಿ ದಾರ ಐತಿ. ಬ್ಯಾಡ ಅಂತ ಹೇಳಿ ಹೋಗಿದ್ಲು, ನಾನೇ ತುರುಕಿದೆ. ಸುಟ್ಟ ವಾಸನಿ ಬಂದ್ರೂ ಹೇಳಲಿಲ್ಲ. ನಿಮ್ಮ ಪೇಢೆ ತಗೊಂಡು ಸುಮ್ನ ಕುಂತೆ."

ನಾಚಿಕೆಯಿಂದ ದೇವಕ್ಕನ ಕಿವಿ ಸುಡುತ್ತಿದ್ದವು. ಪರಶು ದಾರ ಕೆಳಗಿಟ್ಟು, ಮಷೀನು ಗುಂಯ್ ಎಂದಾಗ ಏನು ಮಾಡಿದಿರಿ ಎಂದು ಕೇಳಿದ. ಮೂರು ಸಲ ಗುಂಡಿ ತಿರುವಿದ್ದನ್ನು ಹೇಳಿದಳು.

"ಮೊದಲನೇ ಸಲಕ್ಕ ಬಂದ್ ಮಾಡಿದ್ರ ಮೋಟಾರ್ ಉಳೀತಿತ್ರಿ, ಅಕ್ಕಾರ. ತಿರಗಾಕ ಆಗದ ಮೋಟಾರಿಗೆ ಕರೆಂಟ್ ಕೊಟ್ಟಷ್ಟೂ ಅದು ಕಾಯತೈತಿ. ಕಾದು ಕಾದು ಒಳಗಿನ ತಂತಿ ಸುಡತೈತಿ."

ಆಮೇಲೆ ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ಮಷೀನಿನ ಮೇಲೆ ಬರೆದ ಕಿಲೋ ಒಣ ಬಟ್ಟೆಯ ತೂಕ. ಟಬ್ಬಿನಲ್ಲಿ ಮೇಲೆ ಒಂದು ಗೇಣು ಖಾಲಿ ಬಿಡಬೇಕು, ಅದುಮಬಾರದು. ಮೋಟಾರು ನರಳಿದರೆ ತಕ್ಷಣ ಸ್ವಿಚ್ಚು ಆರಿಸಿ, ಒಣಗಿದ ಕೈಯಿಂದ ಪ್ಲಗ್ಗು ಕಿತ್ತು, ಆಮೇಲೆಯೇ ನೀರು ಬಿಟ್ಟು ಬಟ್ಟೆ ತೆಗೆಯಬೇಕು. ಅರ್ಧ ತಾಸು ಆರಲು ಬಿಟ್ಟು, ಪ್ಲಗ್ಗು ಹಾಕದೆ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ದಾರವೋ ನಾಣ್ಯವೋ ಸಿಕ್ಕಿರುತ್ತದೆ. ಸಲೀಸಾಗಿ ತಿರುಗಿದರೆ ನಾಲ್ಕೇ ಬಟ್ಟೆ ಹಾಕಿ ನೋಡಬಹುದು. ಆಗಲೂ ನರಳಿದರೆ ಬೆಲ್ಟಿನದೋ ವೋಲ್ಟೇಜಿನದೋ ತೊಂದರೆ, ರಿಪೇರಿಯವರನ್ನು ಕರೆಯಬೇಕು. ಹಿಂದಿನ ಮುಚ್ಚಳ ಮಾತ್ರ ನಾವೇ ಬಿಚ್ಚಬಾರದು, ಪ್ಲಗ್ಗು ಕಿತ್ತರೂ ಒಳಗೆ ಕರೆಂಟು ಉಳಿದಿರುತ್ತದೆ. ಸುಟ್ಟ ವಾಸನೆ ಬಂದ ಮಷೀನಿಗೆ ಮತ್ತೆ ಸ್ವಿಚ್ಚು ಹಾಕಲೇಬಾರದು.

"ಏನೂ ತಿಳೀದ ಈ ತಂಗಿ ಇವತ್ತ ಸ್ವಿಚ್ ಹಾಕ್ಯಾಳ್ರಿ," ಅಂದ ಪರಶು. "ಬೆಂಕಿ ಹತ್ತಲಿಲ್ಲ, ಶಾಕ್ ಹೊಡೀಲಿಲ್ಲ. ಪುಣ್ಯಾ."

ಆ ಮಾತಿಗೆ ದೇವಕ್ಕ ಅಲ್ಲೇ ಕುಸಿದು ಕುಂತು ಅತ್ತುಬಿಟ್ಟಳು. ಮಥುರಾಬಾಯಿ ಸೊಸೆಯ ಕಡೆ ತಿರುಗಿ, "ನಿನ್ನ ಮಾತು ಕೇಳಲಾರದ ಬೈದೆ," ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ಆ ಓಣಿ ಎಂದೂ ಕೇಳಿರಲಿಲ್ಲ.

ಮೋಟಾರು ತಂತಿ ಸುತ್ತಿಸಲು ಬೈಲಹೊಂಗಲಕ್ಕೆ ಹೋಯಿತು. ಅದು ಬರುವವರೆಗೆ ಎದುರುಮನೆಯ ಬಟ್ಟೆಯನ್ನು ದೇವಕ್ಕ ಮಣೆಯ ಮೇಲೆ ಕುಂತು ತನ್ನ ಕಲ್ಲಿನಲ್ಲೇ ಒಗೆದಳು. ಮಂಗಳವಾರ ಮಹಿಳಾ ಸಂಘದಲ್ಲಿ ಆ ಕರೀ ದಾರ ತೋರಿಸಿ, ತನ್ನ ತಪ್ಪನ್ನು ತಾನೇ ಹೇಳಿದಳು. ಒಂದಿಬ್ಬರು ನಕ್ಕರು. ಮೂವರು ಮಾತ್ರ ನಗದೆ ತಲೆ ತಗ್ಗಿಸಿದರು. ಅವರ ಮನೆಗಳಲ್ಲೂ ಮಷೀನು ಇತ್ತು.

ತಿಂಗಳು ಬಿಟ್ಟು ಎದುರುಮನೆಯವರು ಮತ್ತೆ ಧಾರವಾಡಕ್ಕೆ ಹೊರಟಾಗ ಕೀಲಿಕೈ ಬೇರೆ ಮನೆಗೆ ಹೋಗುತ್ತದೆಂದು ದೇವಕ್ಕ ಹೊರಗೇ ಬರಲಿಲ್ಲ. ಸುಚೇತಾ ಒಳಗೆ ಬಂದು ಎಡಗೈಯಿಂದ ಅದನ್ನು ಅವಳ ಮಡಿಲಿಗೆ ಹಾಕಿದಳು.

"ತುಳಸಿಗೆ ನೀರು ಹಾಕ್ರಿ, ಅಕ್ಕಾರ. ನಿಮ್ಮ ಸೀರಿ ಮಶೀನಿಗೆ ಹಾಕ್ರಿ."

"ಕೌದಿ ಹಳ್ಳಕ್ಕ, ತಂಗಿ," ಅಂದಳು ದೇವಕ್ಕ. ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಮಷೀನು ನರಳಿದರೆ ಗುಂಡಿ ತಿರುವಬೇಡಿ, ಮೊದಲು ಸ್ವಿಚ್ಚು ಆರಿಸಿ ಪ್ಲಗ್ಗು ಕೀಳಿ. ಇನ್ನೊಬ್ಬರ ಮಷೀನನ್ನು ಕೆಡಿಸಿ ಸುಮ್ಮನೆ ಕುಂತಿದ್ದೀರಾದರೆ, ಅವರು ಸ್ವಿಚ್ಚು ಹಾಕುವ ಮೊದಲು, ಈಗಲೇ ಎದ್ದು ಹೋಗಿ ಹೇಳಿ ಬನ್ನಿ.